ದೋಣಿಹುಳದ ಎರಡು ಕದಗಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮ ಇಲಾಖೆಯಲ್ಲಿ ಕೈ ಕೆಸರಾಗುವುದು ಮಾತ್ರ ಖಾತ್ರಿ. ಮೊಸರು ಯಾವಾಗ, ಯಾರ ಬಾಯಿಗೆ ಬೀಳುತ್ತದೆ ಎಂದು ಕೇಳಬೇಡಿ. ನನಗೆ ಯಾವಾಗ ಬಡ್ತಿ ಬಂತು, ಯಾರಿಗೆ ನನಗಿಂತ ಮೊದಲು ಬಂತು ಎನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಬೇಕೆನ್ನುವವರು ಮನೆಗೆ ಬಂದರೆ ಕಾಫಿ ಕೊಟ್ಟು ಹೇಳುತ್ತೇನೆ.

ನನ್ನ ಕೆಲಸ ಮರ ಕೊರೆಯುವ ಕಡಲ ಚಿಪ್ಪುಜೀವಿಗಳನ್ನು ಗುರುತಿಸುವುದು. ಜನ ಅದನ್ನು ದೋಣಿಹುಳ ಎನ್ನುತ್ತಾರೆ. ನೋಡಲು ಎರೆಹುಳದ ಹಾಗೆ ಉದ್ದಕ್ಕೆ, ಬೆಳ್ಳಗೆ, ಮೆತ್ತಗೆ ಇರುತ್ತದೆ. ಆದರೆ ಹುಳ ಅಲ್ಲ. ಕಪ್ಪೆಚಿಪ್ಪಿನ ಜಾತಿಯದೇ. ಚಿಪ್ಪು ಮಾತ್ರ ಕುಗ್ಗಿ ತಲೆಯ ತುದಿಯಲ್ಲಿ ಕಡಲೆಕಾಳಿನಷ್ಟು ಉಳಿದಿರುತ್ತದೆ, ಅದನ್ನೇ ಉಳಿ ಮಾಡಿಕೊಂಡು ಮರ ಕೊರೆಯುತ್ತದೆ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ. ಒಳಗೇ ಬೆಳೆದು, ಒಳಗೇ ಸಾಯುತ್ತದೆ. ಹೊರಗಿನಿಂದ ದೋಣಿ ಗಟ್ಟಿಮುಟ್ಟಾಗಿ ಕಾಣುತ್ತಿರುತ್ತದೆ, ಒಂದು ದಿನ ಕಾಲಿಟ್ಟರೆ ಹಲಗೆ ರಸ್ಕಿನ ಹಾಗೆ ಮುರಿಯುತ್ತದೆ.

ನಂಜನಗೂಡಿನವಳು ಸಮುದ್ರದ ಕೆಲಸಕ್ಕೆ ಹೇಗೆ ಹೋದಳು ಎಂದು ಕೇಳದವರಿಲ್ಲ. ಪ್ರಾಣಿಶಾಸ್ತ್ರ ಓದಿದ್ದೆ, ಮರದ ಸಂಶೋಧನೆ ಮಾಡುವ ಸರ್ಕಾರಿ ಕಚೇರಿಯೊಂದು ಕರೆಯಿತು, ಹೊನ್ನಾವರದ ಕಡೆ ಹಾಕಿದರು, ಹೋದೆ. ಕಪಿಲಾ ನದಿ ಬಿಟ್ಟರೆ ಬೇರೆ ನೀರು ನೋಡಿದವಳಲ್ಲ. ರಜೆಗೆ ಊರಿಗೆ ಬಂದಾಗ ನಮ್ಮವ್ವ ನೆರೆಮನೆಯವರಿಗೆ ಹೇಳುತ್ತಿದ್ದಳು, "ನಮ್ ನೀಲಾಗೆ ಸರ್ಕಾರ್ದೋರು ಉಳ ಕೊಡ್ತಾರೆ ಕಣವ್ವ. ಅದು ಗಂಡೋ ಎಣ್ಣೋ ನೋಡಿ ಯೋಳ್ಬೇಕಂತೆ." ಅವಳಿಗೆ ನಾನು ಎಷ್ಟು ಸಲ ವಿವರಿಸಿದರೂ ಅಷ್ಟೇ.

ಅಲ್ಲಿ ನಮ್ಮ ಮೇಲಧಿಕಾರಿಯಾಗಿದ್ದವರು ಶ್ರೀಧರ ಸರ್, ಮಂಗಳೂರಿನ ಕಡೆಯವರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಊಟದ ಹೊತ್ತಿಗೆ ಇಳಿದುಹೋಗುತ್ತಿತ್ತು. ಜೆಟ್ಟಿಯ ಕಂಬಗಳಿಂದ ಹಗ್ಗ ಕಟ್ಟಿ ಮರದ ತುಂಡುಗಳನ್ನು ನೀರಿಗೆ ಇಳಿಬಿಡುತ್ತಿದ್ದೆವು. ಕೆಲವು ತಿಂಗಳು ಬಿಟ್ಟು ಎತ್ತಿ, ಸೀಳಿ, ಒಳಗೆ ಯಾರು ಮನೆ ಮಾಡಿದ್ದಾರೆ ಎಂದು ನೋಡಬೇಕು. ಮೊದಲ ಸಲ ನಾನು ಸೀಳಿದಾಗ ಬಲು ಜೋಪಾನವಾಗಿ ಒಂದೊಂದು ಹುಳವನ್ನೂ ಚಿಪ್ಪಿನ ಕಡೆಯಿಂದ ಹಿಡಿದು ಎಳೆದೆ. ಚಿಪ್ಪುಗಳನ್ನು ತೊಳೆದು, ಗಾಜಿನ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಅವರ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. "ಎಂತ ಮಾರಾಯ್ತಿ ಇದು? ಎಲ್ಲ ತಲೆಯೇ ತಂದಿದ್ದೀರಲ್ಲ. ಬಾಲ ಎಲ್ಲುಂಟು?"

"ಬಾಲ ಮರದಲ್ಲೇ ಉಳಿಯಿತು ಸರ್."

"ಹಾಗಾದರೆ ಹೆಸರೂ ಮರದಲ್ಲೇ ಉಳಿಯಿತು. ಹೋಗಿ ತನ್ನಿ."

ಆಮೇಲೆ ಅವರೇ ಕೂರಿಸಿಕೊಂಡು ತೋರಿಸಿದರು. ಹುಳದ ತಲೆ ಮರದ ಆಳದಲ್ಲಿರುತ್ತದೆ, ಬಾಲ ಹೊರಗಿನ ತೂತಿನ ಬಾಯಲ್ಲಿ. ಆ ಬಾಲದ ಬಳಿ ಸುಣ್ಣದ ಎರಡು ಪುಟ್ಟ ತುಣುಕುಗಳಿರುತ್ತವೆ. ಹೊರಗೆ ನೀರು ಕೆಟ್ಟರೆ, ಉಪ್ಪು ಕಡಿಮೆಯಾದರೆ, ದೋಣಿಯನ್ನು ದಡಕ್ಕೆ ಎಳೆದು ಬಿಸಿಲಿಗೆ ಹಾಕಿದರೆ, ಹುಳ ಬಾಲವನ್ನು ಒಳಕ್ಕೆಳೆದುಕೊಂಡು ಆ ಎರಡು ತುಣುಕುಗಳಿಂದ ತೂತನ್ನು ಮುಚ್ಚಿಬಿಡುತ್ತದೆ. ನಾನು ಅವುಗಳನ್ನು ಕದ ಎಂದೇ ಕರೆಯುತ್ತಿದ್ದೆ, ಕೊನೆಗೆ ಕಚೇರಿಯವರೆಲ್ಲ ಹಾಗೇ ಕರೆಯತೊಡಗಿದರು. ಚಿಪ್ಪು ಎಲ್ಲ ಜಾತಿಯಲ್ಲೂ ಹೆಚ್ಚುಕಡಿಮೆ ಒಂದೇ. ಹೆಸರು ಹೇಳುವುದು ಕದ ಮಾತ್ರ. ಟೆರೆಡೊ ಜಾತಿಯದು ದೋಣಿಯ ಹುಟ್ಟಿನ ಆಕಾರ. ಬ್ಯಾಂಕಿಯಾ ಜಾತಿಯದು ಕಾಗದದ ಪೊಟ್ಟಣಗಳನ್ನು ಒಂದರೊಳಗೊಂದು ಕೂರಿಸಿದ ಹಾಗೆ ಉದ್ದಕ್ಕೆ ಇರುತ್ತದೆ. ಇನ್ನೊಂದು ಜಾತಿ ಇದೆ, ನೌಸಿಟೋರ ಎಂದು. ಅದರದ್ದೂ ಪೊಟ್ಟಣಗಳ ಸಾಲೇ, ಆದರೆ ಸುಣ್ಣ ಕಟ್ಟಿಕೊಂಡು ಒಂದಕ್ಕೊಂದು ಅಂಟಿ ಗಟ್ಟಿ ಗೂಟದಂತಾಗಿರುತ್ತದೆ. ಈ ಕೊನೆಯ ಎರಡನ್ನು ಗುರುತಿಟ್ಟುಕೊಳ್ಳಿ, ಕತೆ ಅಲ್ಲಿಗೇ ಬರುತ್ತದೆ.

ಕೆಲಸ ಕಲಿಸಿದ ಅಧಿಕಾರಿಗಳಂತೆ ಕೆಲಸ ಕೆಡಿಸಿದವರೂ ಇದ್ದರು. ದೊಡ್ಡ ಕಚೇರಿಯಿಂದ ಒಬ್ಬರು ತಪಾಸಣೆಗೆ ಬರುವವರಿದ್ದರು. ಅವರಿಗಿಂತ ಮುಂಚೆ ಬಂದ ಅವರ ಸಹಾಯಕರು, ನೀರಿನಲ್ಲಿ ತೂಗುತ್ತಿದ್ದ ಮರದ ತುಂಡುಗಳನ್ನು ಕಂಡು ಮುಖ ಸಿಂಡರಿಸಿದರು. "ಇದೇನ್ರೀ, ಪಾಚಿ ಹಿಡಿದು ಅಸಹ್ಯವಾಗಿದೆ. ಸಾಹೇಬರು ನೋಡಿದರೆ ಏನಂದುಕೊಳ್ಳುತ್ತಾರೆ? ಎಲ್ಲಕ್ಕೂ ಒಂದು ಕೋಟು ಬಣ್ಣ ಹೊಡೆಸಿ, ನಂಬರ್ ಬರೆಸಿ." ಶ್ರೀಧರ ಸರ್ ಅಂದು ಮಂಗಳೂರಿಗೆ ಹೋಗಿದ್ದರು. ನಾನು ಬೇಡವೆಂದರೂ ಕೇಳುವವರಿಲ್ಲ. ದೋಣಿಗೆ ಹೊಡೆಯುವ ವಿಷದ ಬಣ್ಣವನ್ನೇ ಹೊಡೆಸಿದರು. ಸಾಹೇಬರು ಬಂದು, ನೋಡಿ, "ನೀಟಾಗಿದೆ" ಎಂದು ಮೆಚ್ಚಿ ಹೋದರು. ತುಂಡುಗಳ ಒಳಗಿದ್ದ ಜೀವವೆಲ್ಲ ಸತ್ತಿತ್ತು. ಅಷ್ಟು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಶ್ರೀಧರ ಸರ್ ವಾಪಸ್ ಬಂದು ಆ ಬಣ್ಣದ ತುಂಡೊಂದನ್ನು ತಮ್ಮ ಮೇಜಿನ ಮೇಲೆ ಕಾಗದಕ್ಕೆ ಭಾರವಾಗಿ ಇಟ್ಟುಕೊಂಡರು, ವರ್ಗವಾಗುವವರೆಗೂ ತೆಗೆಯಲಿಲ್ಲ.

ಇನ್ನೊಂದು ಪ್ರಸಂಗ ಶರಾವತಿಯ ಮೇಲ್ಭಾಗದ್ದು. ಸಮುದ್ರದಿಂದ ದೂರ, ಉಬ್ಬರದ ಏರಿಳಿತ ಮಾತ್ರ ಮುಟ್ಟುವ ಹೊಳೆಯ ದಂಡೆಯ ಒಂದು ಊರಿನಲ್ಲಿ ದೋಣಿ ಕಟ್ಟುವ ಕಂಬಗಳು ಬುಡದಲ್ಲಿ ಮುರಿದು ಬೀಳುತ್ತಿವೆ ಎಂದು ಹೇಳಿಕಳಿಸಿದರು. ನಾವು ಹೋದಾಗ ಹೆಂಗಸರು ಅದೇ ಹೊಳೆಯಿಂದ ಅನ್ನಕ್ಕೆ ನೀರು ತುಂಬಿಕೊಳ್ಳುತ್ತಿದ್ದರು. ಶ್ರೀಧರ ಸರ್‌ಗೆ ಅವರ ನಾಲಿಗೆಯೇ ಮೀಟರು. ಬೊಗಸೆಯಲ್ಲಿ ನೀರು ಕುಡಿದು, "ಸಿಹಿ. ಇಲ್ಲಿ ನಮ್ಮ ಹುಳ ಇರಲಿಕ್ಕೆ ಸಾಧ್ಯವಿಲ್ಲ. ಗೆದ್ದಲು ಇರಬೇಕು" ಎಂದು ಜೀಪಿನ ಕಡೆ ನಡೆದೇಬಿಟ್ಟರು. ನಾನು ಮುರಿದ ಕಂಬದ ಬುಡ ಸೀಳಿಸಿದೆ. ಒಳಗೆಲ್ಲ ಬಿಳಿ ಸುಣ್ಣ ಬಳಿದ ಸುರಂಗಗಳು, ಸುರಂಗಗಳಲ್ಲಿ ಜೀವಂತ ಹುಳಗಳು. ಕದ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಗೂಟದಂತೆ ಅಂಟಿಕೊಂಡ ಪೊಟ್ಟಣಗಳು. ನೌಸಿಟೋರ. ಕುಡಿಯುವಷ್ಟು ಸಿಹಿಯಾದ ನೀರಿನಲ್ಲಿ ಆರಾಮವಾಗಿ ಸಂಸಾರ ಮಾಡಿಕೊಂಡಿತ್ತು.

ಬೈಸಿಕೊಳ್ಳಲು ಸಿದ್ಧಳಾಗಿ ಅವರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಕುಣಿದಾಡಿದರು. ದಾರಿಯಲ್ಲಿ ಹೋಟೆಲಿನ ಮುಂದೆ ಜೀಪು ನಿಲ್ಲಿಸಿ ಗೋಳಿಬಜೆ ಕೊಡಿಸಿದರು. "ನೋಡಿ ನೀಲಾ, ಇನ್ನು ಮುಂದೆ ಸಿಹಿನೀರು ಅಂತ ಕಣ್ಣುಮುಚ್ಚಿ ಬರೆಯಬಾರದು. ನಾನು ಬರೆದರೂ ನೀವು ಸಹಿ ಹಾಕಬಾರದು" ಎಂದರು. ಆ ಮಾತು ನನಗೆ ಮುಂದೆ ನಿದ್ದೆ ಕೆಡಿಸಿತು.

ತೊಂಬತ್ತರ ದಶಕದ ಕೊನೆಗೆ ನನ್ನನ್ನು ಮೈಸೂರಿನ ಕಚೇರಿಗೆ ಹಾಕಿದರು. ನಂಜನಗೂಡಿನ ಮನೆಯಿಂದ ರೈಲಿನಲ್ಲಿ ಓಡಾಡುತ್ತಿದ್ದೆ. ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ಹುಳ ಬಲ್ಲವಳು ಬಂದಿದ್ದಾಳೆಂದು ಸುದ್ದಿಯಾದ ಮೇಲೆ ಮನೆಗೆ ತೂತುಬಿದ್ದ ವಸ್ತುಗಳ ಮೆರವಣಿಗೆ ಶುರುವಾಯಿತು. ಒನಕೆ, ಈಳಿಗೆಮಣೆ, ಬಾಗಿಲ ಚೌಕಟ್ಟು ಎಲ್ಲ ಬಂದವು. ಕಳಲೆ ಊರಿನ ಒಬ್ಬ ಯಜಮಾನರು ಇಡೀ ಮಂಚವನ್ನೇ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ತೂತಿನಿಂದ ಹಿಟ್ಟು ಉದುರಿದರೆ ಅದು ನೆಲದ ಮೇಲಿನ ದುಂಬಿಯ ಕೆಲಸ, ಸೀಳಿದಾಗ ಒಳಗೆ ಸುಣ್ಣ ಬಳಿದಿದ್ದರೆ ಕಡಲಿನದು. ಯಜಮಾನರ ಮಂಚದಿಂದ ಹಿಟ್ಟು ಉದುರಿತು. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತೆಂದು ಕಾಣುತ್ತದೆ.

ಇಂಥದೇ ಇನ್ನೊಂದು ಮಂಚದ ಪಂಚಾಯಿತಿ ಎಂದುಕೊಂಡೇ ನಾನು ಟಿ. ನರಸೀಪುರದ ದೋಣಿ ನೋಡಲು ಹೋದದ್ದು. ಕಪಿಲಾ ಕಾವೇರಿಗೆ ಸೇರುವ ಸಂಗಮದ ಬಳಿ ಜನರನ್ನು ಆಚೆ ದಡಕ್ಕೆ ದಾಟಿಸುವ ಚಿಕ್ಕಣ್ಣ ಎಂಬುವನು ತನ್ನ ಹಳೆಯ ಹರಿಗೋಲುಗಳನ್ನೆಲ್ಲ ಮಾರಿ, ಗಂಗೊಳ್ಳಿಯ ಕಡೆಯಿಂದ ಒಂದು ಹಳೆಯ ಕಡಲ ದೋಣಿ ತಂದಿದ್ದ. ಲಾರಿಯಿಂದ ಇಳಿಸಿದಾಗ ಅದರ ಅಡಿಯಲ್ಲಿ ಸಣ್ಣ ಸಣ್ಣ ತೂತುಗಳು ಕಂಡವು. ಕರಾವಳಿ ನೋಡಿ ಬಂದಿದ್ದ ಯಾರೋ, ಇದು ದೋಣಿಹುಳ, ಒಂದರಿಂದ ಸಾವಿರವಾಗುತ್ತದೆ ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ದೋಣಿ, ತೂಬಿನ ಬಾಗಿಲು, ಹೊಳೆಯಲ್ಲಿ ನೆಟ್ಟ ಕಂಬ ಯಾವುದೂ ಉಳಿಯುವುದಿಲ್ಲ ಎಂದು ಸುದ್ದಿ ಸೋಸಲೆಯವರೆಗೂ ಹೋಯಿತು. ತಾಲ್ಲೂಕು ಕಚೇರಿಗೆ ಅರ್ಜಿ ಬಿತ್ತು. ಅಲ್ಲಿಯವರು ದೋಣಿಯನ್ನು ನೀರಿಗಿಳಿಸಬಾರದೆಂದು ತಡೆದು, ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಹುಳ ಅಪಾಯದ್ದಾದರೆ ದೋಣಿಯನ್ನು ಒಡೆದು ಸುಡಬೇಕು ಎಂದರು. ತಿಳಿದವಳು ನಾನು.

ಚಿಕ್ಕಣ್ಣ ಬಸ್ ಸ್ಟ್ಯಾಂಡಿಗೇ ಬಂದು ನಿಂತಿದ್ದ. ತೆಳ್ಳಗಿನ ಆಳು, ಕೈಗಳು ಮಾತ್ರ ಹುಟ್ಟು ಹಾಕಿ ಹಾಕಿ ಬಲಿತಿದ್ದವು. ಹೊಳೆಯ ದಂಡೆಗೆ ಹೋದರೆ ದೋಣಿ ಮದುವಣಗಿತ್ತಿಯ ಹಾಗೆ ಕೂತಿತ್ತು. ಅಡಿಯಿಂದ ಅಂಚಿನವರೆಗೆ ಕೆರೆದು, ಉಜ್ಜಿ, ಎಣ್ಣೆ ಬಳಿದಿದ್ದರು. ಮೂತಿಗೆ ವಿಭೂತಿ, ಕುಂಕುಮ, ಕಣಗಿಲೆ ಹಾರ. ತೂತುಗಳಿಗೆಲ್ಲ ಹಳದಿಯದೇನೋ ಮೆತ್ತಿದ್ದರು.

"ನೋಡಿ ಮೇಡಮ್ಮೋರೇ, ನೀವು ಬತ್ತೀರಾ ಅಂತ ಕೆರ್ದು ಕೆರ್ದು ಮಡಗಿವ್ನಿ. ಒಂದು ತೂತಾದ್ರೂ ಕಾಣ್ತದಾ ಯೋಳಿ" ಎಂದ ಚಿಕ್ಕಣ್ಣ.

ಅವನ ಹೆಂಡತಿ ಮಾದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅರಿಸಿನ, ಜೇನುಮೇಣ ಕಲ್ಸಿ ನಾನೇ ಮೆತ್ತಿವ್ನಿ ಅವ್ವಾ. ಒಳ್ಗಡೆ ಏನಾರ ಇದ್ರೂ ಉಸ್ರುಕಟ್ಟಿ ಸಾಯ್ಲಿ ಅಂತ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಳದ ಹೆಸರು ಹೇಳುವ ಕದಗಳು ಇರುವುದು ತೂತಿನ ಬಾಯಲ್ಲಿ, ಮರದ ಮೇಲ್ಮೈಗೆ ಅಂಟಿಕೊಂಡ ಹಾಗೆ. ಅದನ್ನೇ ಇವರು ಕೆರೆದು ಹಾಕಿದ್ದರು. ಬಣ್ಣ ಹೊಡೆಸಿದ ಆ ಸಹಾಯಕರು ನೆನಪಾದರು. ಆದರೆ ಇವರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಆಫೀಸರ್ ಬರುತ್ತಾರೆಂದರೆ ಗೋಡೆಗೆ ಸುಣ್ಣ, ಅಂಗಳಕ್ಕೆ ಸಗಣಿ ಎಂದು ಕಲಿಸಿದವರು ನಾವೇ.

"ಯಾಕಪ್ಪಾ ಕೆರೆದೆ?" ಎಂದೆ.

"ಆಪೀಸರ್ರು ಬತ್ತಾರೆ ಅಂದ್ರೆ ಕೊಳಕಾಗಿ ಮಡಗಕ್ಕಾಯ್ತದಾ?"

"ಕೆರೆದ ಪುಡಿ ಎಲ್ಲಿ?"

"ಒಳೆಗೆ ಗುಡ್ಸಾಕ್ದೊ."

ಅಡಿಯ ಒಂದೆರಡು ಕಡೆ ಉಳಿಯಿಂದ ಬಿಡಿಸಿ ನೋಡಿದೆ. ಒಳಗೆ ಸುಣ್ಣದ ಸುರಂಗಗಳಿದ್ದವು. ಕಡಲಿನ ಹುಳವೇ, ಅದರಲ್ಲಿ ಸಂಶಯವಿಲ್ಲ. ಚಿಪ್ಪಿನ ಚೂರುಗಳೂ ಸಿಕ್ಕವು. ಆದರೆ ಯಾವ ಜಾತಿ ಎಂದು ಹೇಳುವ ಒಂದು ಕದವೂ ಇರಲಿಲ್ಲ. ಬ್ಯಾಂಕಿಯಾ ಆಗಿದ್ದರೆ ಕಾವೇರಿಯ ನೀರಿನಲ್ಲಿ ಬದುಕುವುದಿಲ್ಲ, ಭಯವಿಲ್ಲ. ನೌಸಿಟೋರ ಆಗಿದ್ದರೆ? ಶರಾವತಿಯ ಸಿಹಿನೀರಿನಲ್ಲಿ ಅದನ್ನು ನನ್ನ ಕಣ್ಣಾರೆ ನೋಡಿದ್ದೆ. ಸಮುದ್ರದ ಉಬ್ಬರವೇ ಮುಟ್ಟದ ಈ ಹೊಳೆಯಲ್ಲಿ ಅದು ಮರಿ ಮಾಡುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲಾರೆ.

ಅಷ್ಟರಲ್ಲಿ ಅರ್ಜಿ ಕೊಟ್ಟಿದ್ದ ಪುಟ್ಟಮಾದು ಬಂದ. ಅದೇ ಕಡವಿನಲ್ಲಿ ಅವನದೂ ಎರಡು ಮರದ ದೋಣಿಗಳಿದ್ದವು. ಕಿಡಿಗೇಡಿ ಇರಬೇಕೆಂದುಕೊಂಡಿದ್ದೆ, ನೋಡಿದರೆ ಚಿಕ್ಕಣ್ಣನಿಗಿಂತ ಹೆಚ್ಚು ಹೆದರಿದ್ದ. "ಒಟ್ಟೆಕಿಚ್ಚಿಗೆ ಯೋಳ್ತಿಲ್ಲ ಕಣ್ ಮೇಡಮ್ಮ. ಅವ್ನೂ ನಾನೂ ಒಂದೇ ಒಳೆ ನೀರು ಕುಡ್ದು ಬೆಳ್ದೋರು. ಆದ್ರೆ ಉಳ ನನ್ ದೋಣಿಗೆ ಬಂದ್ರೆ ನಾನ್ ಯಾರ್ ಮನೆ ಬಾಗ್ಲಿಗೋಗ್ಲಿ?" ಎಂದ. ಅದೂ ನ್ಯಾಯವೇ.

"ಅಂಗಾರೆ ಸುಡದೇಯಾ?" ಎಂದ ಚಿಕ್ಕಣ್ಣ. ಅವನು ನನ್ನನ್ನು ನೋಡುತ್ತಿರಲಿಲ್ಲ, ದೋಣಿಯ ಮೂತಿಯ ಹಾರ ಸರಿಮಾಡುತ್ತಿದ್ದ.

ಕೈಗೆ ಮೇಣ, ಅರಿಸಿನ ಅಂಟಿತ್ತು. ತೊಳೆದುಕೊಳ್ಳಲು ನೀರಿಗೆ ಇಳಿದೆ. ಹಿಂದೆಯೇ ಬಂದ ಮಾದಮ್ಮ, "ಜಾರ್ತದೆ ಅವ್ವಾ, ಆ ಅಲಗೆ ಮ್ಯಾಲೆ ಕಾಲ್ ಮಡಗಿ" ಎಂದಳು. ನೀರಿನ ಅಂಚಿನಲ್ಲಿ ಅರ್ಧ ಮುಳುಗಿದ್ದ ದಪ್ಪ ಹಲಗೆ, ಹೆಂಗಸರು ಬಟ್ಟೆ ಒಗೆಯುವುದು. ಕಾಲಿಟ್ಟೆ. ಅಂಗಾಲಿಗೆ ಸಣ್ಣ ತೂತುಗಳು ಸಿಕ್ಕವು. ನಲವತ್ತು ದಾಟಿದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

"ಮಾದಮ್ಮಾ, ಈ ಹಲಗೆ ಎಲ್ಲಿಯದು?"

"ಅದಾ? ದೋಣಿ ಅಡಿಗೆ ಮೊಳೆ ಒಡ್ದು ಕೂರ್ಸಿದ್ದು. ತಂದ್ ದಿವ್ಸ್ವೇ ಇವ್ರು ಕಿತ್ತಾಕುದ್ರು. ಅಂಗಳ್ದಲ್ಲಿ ಬಿಸ್ಲಲ್ಲಿ ಬಿದ್ದಿತ್ತು, ಆಮ್ಯಾಲೆ ನಾನು ಒಗಿಯಕ್ಕೆ ತಂದ್ಕಂಡೆ."

ದಡದ ಮೇಲಿಂದ ಚಿಕ್ಕಣ್ಣ ಕೂಗಿದ, "ಮೊದ್ಲೇ ಯೋಳಕ್ಕೇನಾಗಿತ್ತು ನಿಂಗೆ?"

"ಒಗಿಯೋ ಅಲಗೆನೂ ಆಪೀಸರ್ಗೆ ತೋರುಸ್ತಾರಾ?" ಎಂದಳು ಮಾದಮ್ಮ.

ಇಬ್ಬರೂ ಸೇರಿ ಹಲಗೆ ಮಗುಚಿದೆವು. ಮೇಲಿನ ಮುಖ ಸೋಪಿಗೆ, ಬಡಿತಕ್ಕೆ ಸವೆದು ನುಣ್ಣಗಾಗಿತ್ತು. ಕೆಳಗಿನ ಮುಖದ ಮೇಲೆ ಮಾತ್ರ ಕೆಸರು ಮೆತ್ತಿಕೊಂಡು, ಯಾರ ಉಜ್ಜಾಟಕ್ಕೂ ಸಿಗದೆ, ಕಡಲಿನಿಂದ ಬಂದ ಹಾಗೇ ಇತ್ತು. ತೂತಿನ ಬಾಯಿಗಳೆಲ್ಲ ಕೆಸರಿನಿಂದ ಮುಚ್ಚಿದ್ದವು. ಆ ಕೊಳಕನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಚಿಕ್ಕಣ್ಣ ಅದನ್ನೂ ತೊಳೆದುಕೊಡಲು ಬಂದ, ಗದರಿಸಿ ಕಳಿಸಿದೆ.

ಹಲಗೆಯ ತುಂಡೊಂದನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಮೈಸೂರಿನ ಬಸ್ಸು ಹತ್ತಿದೆ. ಕಂಡಕ್ಟರು, "ಏನಮ್ಮ ಅದು, ಮೀನಾ? ನೀರು ಸೋರ್ತಾ ಅದೆ" ಎಂದ. ಹೌದು ಎಂದೆ. ವಿವರಿಸುವ ಶಕ್ತಿ ಇರಲಿಲ್ಲ.

ಕಚೇರಿಯಲ್ಲಿ ತೆಳ್ಳಗಿನ ಉಳಿ ಹಿಡಿದು ಪಕ್ಕದಿಂದ ಸೀಳತೊಡಗಿದೆ. ತೂತಿನ ಬಾಯಿಯನ್ನು ಮುಟ್ಟದೆ ಸುರಂಗವನ್ನು ಉದ್ದಕ್ಕೆ ತೆರೆಯಬೇಕು, ಅದೇ ಈ ಕೆಲಸದ ಗುಟ್ಟು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಗಬೇಕು. ಮೊದಲಿನವುಗಳಲ್ಲಿ ಬರೀ ಕೆಸರು. ಹುಳಗಳೆಲ್ಲ ಸತ್ತು ಕರಗಿದ್ದವು. ಸತ್ತಿದ್ದರೆ ಸಾಕಲ್ಲ, ಜಾತಿ ಯಾಕೆ ಬೇಕು ಎಂದು ನೀವು ಕೇಳಬಹುದು. ಈ ಹಲಗೆ ಅಂಗಳದ ಬಿಸಿಲಲ್ಲಿ ಒಣಗಿತ್ತು, ಬಿಸಿಲಿಗೇ ಸತ್ತಿರಬಹುದು. ದೋಣಿಯ ದಪ್ಪ ಹಲಗೆಯ ಆಳದಲ್ಲಿ ಕದ ಮುಚ್ಚಿಕೊಂಡು ಯಾವುದಾದರೂ ಉಳಿದಿದ್ದರೆ? ಹಾಗಾಗಿ ಜಾತಿ ಗೊತ್ತಾಗಲೇಬೇಕಿತ್ತು.

ಕೊನೆಗೆ ಒಂದು ಸುರಂಗದ ಬಾಯಲ್ಲಿ ಒಂದು ಜೊತೆ ಕದ ಸಿಕ್ಕಿತು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಪೊಟ್ಟಣಗಳ ಸಾಲು ಹೌದು, ಆದರೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಗೂಟದ ಹಾಗಿತ್ತು. ಶರಾವತಿಯ ಕಂಬದಲ್ಲಿ ಕಂಡದ್ದೇ ಇದು ಎನಿಸಿತು. ಎದ್ದು ಹೋಗಿ ಕಾಫಿ ಕುಡಿದು ಬಂದೆ. ಮತ್ತೆ ನೋಡಿದೆ, ಮತ್ತೆ ಹಾಗೇ ಕಂಡಿತು. ದೋಣಿಯ ಮೂತಿಯ ಹಾರ ಸರಿಮಾಡುತ್ತಿದ್ದ ಆ ಕೈಗಳೇ ಕಣ್ಣ ಮುಂದೆ ಬಂದವು.

ಆಮೇಲೆ ಬುದ್ಧಿ ಬಂದು ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ಆಮ್ಲ ಮುಟ್ಟಿಸುವಂತಿಲ್ಲ, ಕದವೇ ಕರಗಿಹೋಗುತ್ತದೆ. ಮೆತ್ತನೆಯ ಕುಂಚದಿಂದ ಮೆಲ್ಲಗೆ ಸವರಿದೆ. ನೀರು ಕಂದಾಯಿತು. ಅಂಟಿಕೊಂಡಿದ್ದದ್ದು ಸುಣ್ಣವಲ್ಲ, ಕಾವೇರಿಯ ಕೆಸರು. ಸೂಜಿಯ ಮೊನೆಯನ್ನು ಎರಡು ಪೊಟ್ಟಣಗಳ ನಡುವೆ ತೂರಿಸಿದೆ. ಬಿಟ್ಟುಕೊಂಡವು. ಮುಂದಿನವೂ ಬಿಟ್ಟುಕೊಂಡವು. ಬ್ಯಾಂಕಿಯಾ. ಹೋದ ಜೀವ ಬಂದಂತಾಯಿತು.

ಊರಲ್ಲಿ ನಿವೃತ್ತರಾಗಿ ಕೂತಿದ್ದ ಶ್ರೀಧರ ಸರ್‌ಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಎಲ್ಲ ಕೇಳಿ, "ಒಂದು ಜೊತೆ ಸಾಕಾಗುದಿಲ್ಲ ನೀಲಾ. ಇನ್ನಷ್ಟು ಹುಡುಕಿ" ಎಂದು ಇಟ್ಟುಬಿಟ್ಟರು. ಹುಡುಕಿದೆ. ಸಿಕ್ಕಿದವೆಲ್ಲ ಬ್ಯಾಂಕಿಯಾಗಳೇ.

ಈಗ ನೀವು ಇಷ್ಟೆಲ್ಲ ಪಾಡುಪಡಬೇಕಿಲ್ಲ. ನನ್ನ ಕೊನೆಯ ವರ್ಷಗಳಲ್ಲೇ ಕಂಪ್ಯೂಟರಿಗೆ ಜೋಡಿಸುವ ಕ್ಯಾಮೆರಾ ಬಂದು, ಕದದ ಚಿತ್ರವನ್ನು ದೂರದ ಊರಿನ ಪರಿಣತರಿಗೆ ಇ-ಮೇಲಿನಲ್ಲಿ ಕಳಿಸಿ ಕೇಳುವಂತಾಗಿತ್ತು. ಇನ್ನು ಡಿಎನ್‌ಎ ನೋಡಿ ಜಾತಿ ಹೇಳುವ ಕಾಲ. ಒಳ್ಳೆಯದೇ. ಆದರೆ ಯಂತ್ರಕ್ಕೆ ಕೊಡುವ ಮುಂಚೆ ಮಾದರಿಯನ್ನು ತೊಳೆಯಬೇಕೋ ತೊಳೆಯಬಾರದೋ ಎನ್ನುವುದನ್ನು ಯಂತ್ರ ಹೇಳುವುದಿಲ್ಲ.

ವರದಿಯನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯಲಿಲ್ಲ. ಇದು ಉಪ್ಪುನೀರಿನ ಜೀವಿ, ಈ ಹೊಳೆಯಲ್ಲಿ ಬದುಕುವುದಿಲ್ಲ, ಹರಡುವುದಿಲ್ಲ. ಅಡಿಯ ಎರಡು ಹಲಗೆ ಒಳಗೆ ಟೊಳ್ಳಾಗಿವೆ, ಅವನ್ನು ಬದಲಿಸಿದ ಮೇಲೆ ದೋಣಿ ಓಡಬಹುದು. ಇಷ್ಟೇ ಬರೆದು ಸಹಿ ಹಾಕಿದೆ. ತಾಲ್ಲೂಕು ಕಚೇರಿಯವರು ಒಪ್ಪಿದರು. ಹಲಗೆ ಬದಲಿಸಿದ ಮೇಲೆ ಅವರೂ ಬಂದು ನೋಡಿ ಓಡಿಸಲು ಅಪ್ಪಣೆ ಕೊಟ್ಟರು. ನನ್ನ ಕೆಲಸ ಮುಗಿಯಿತೆಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ಚಿಕ್ಕಣ್ಣ ನಂಜನಗೂಡಿನ ಮನೆಯ ಬಾಗಿಲಲ್ಲಿ ನಿಂತಿದ್ದ. ಸಂತೋಷಕ್ಕೆ ಬಂದನೆಂದುಕೊಂಡರೆ ಮುಖ ಬಾಡಿತ್ತು.

"ಕಾಗ್ದ ಬಂತು ಮೇಡಮ್ಮೋರೇ, ಜನ ಬತ್ತಿಲ್ಲ. ಆಚೆ ದಡ್ದಲ್ಲಿ ನಿಂತ್ಕಂಡು ನೋಡ್ತಾರೆ, ಪುಟ್ಟಮಾದು ದೋಣಿ ಬರಗಂಟ ಕಾಯ್ತಾರೆ. ಉಳ ತಿಂದ ದೋಣಿ, ನಡುನೀರಲ್ಲಿ ಬುಡ ಬಿಟ್ಕಂಡ್ರೆ ಅಂತಾರೆ. ನೀವೇ ಒಂದ್ಸಲ ಕುಂತ್ಕಂಡ್ ಬಿಟ್ರೆ..."

"ನಾನಾ?"

ಒಳಗಿನಿಂದ ನಮ್ಮವ್ವ ನಗತೊಡಗಿದಳು. "ಅವ್ಳಿಗೆ ಈಜು ಬರಲ್ಲ ಕಣಪ್ಪ. ಸಮುದ್ರ್ದಲ್ಲೇ ಸಂಬ್ಳ ತಿಂದ್ಲು, ಮಂಡಿಯುದ್ದ ನೀರ್ಗೆ ಇಳಿಯಕ್ಕೂ ಇನ್ನೊಬ್ರ ಕೈ ಇಡ್ಕತಾಳೆ."

ಅವಳು ಹೇಳಿದ್ದು ನಿಜ. ಅಳಿವೆಯಲ್ಲಿ ಅಷ್ಟು ವರ್ಷ ದೋಣಿ ಹತ್ತಿದ್ದರೂ ಪ್ರತಿ ಸಲವೂ ಅಂಚು ಬಿಗಿಯಾಗಿ ಹಿಡಿದು ಕೂರುತ್ತಿದ್ದೆ. ಆದರೂ ಹೊರಟೆ. ಓಡಬಹುದು ಎಂದು ಬರೆದವಳು ನಾನೇ ಕೂರದಿದ್ದರೆ ಬೇರೆಯವರು ಯಾಕೆ ಕೂರಬೇಕು?

ಸಂಗಮದಲ್ಲಿ ಅಂದು ನೀರು ತುಂಬಾ ಇತ್ತು. ಮಾದಮ್ಮ ಕೈಹಿಡಿದು ಹತ್ತಿಸಿದಳು. ದೋಣಿಯಲ್ಲಿ ನಾನೊಬ್ಬಳೇ, ಹಿಂದೆ ಚಿಕ್ಕಣ್ಣ. ನಡು ಹೊಳೆಗೆ ಬಂದಾಗ ಹೊಸ ಹಲಗೆಯ ಸಂದಿನಲ್ಲಿ ಸ್ವಲ್ಪ ನೀರು ಜಿನುಗಿ ನನ್ನ ಸೀರೆಯ ಅಂಚು ಒದ್ದೆಯಾಯಿತು. ಹೊಸ ಹಲಗೆ ನೆನೆದು ಉಬ್ಬಿದರೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನಂಜುಂಡೇಶ್ವರನನ್ನು ನೆನೆಯುವುದು ಬಿಡಲಿಲ್ಲ. ಬ್ಯಾಂಕಿಯಾ ಬ್ಯಾಂಕಿಯಾ ಎಂದೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

"ಎದ್ರುಕಬ್ಯಾಡಿ ಮೇಡಮ್ಮೋರೇ" ಎಂದ ಚಿಕ್ಕಣ್ಣ.

"ನೀನು ಹುಟ್ಟು ಹಾಕಪ್ಪಾ, ಮಾತಾಡಬೇಡ" ಎಂದೆ.

ಆಚೆ ದಡದಲ್ಲಿ ಹುಲ್ಲಿನ ಹೊರೆ, ಸೈಕಲ್ಲು, ಸೊಪ್ಪಿನ ಮಂಕರಿ ಇಟ್ಟುಕೊಂಡು ಜನ ನಿಂತಿದ್ದರು. ಪುಟ್ಟಮಾದುವೂ ಇದ್ದ. ನಾನು ಇಳಿದು ಸೀರೆಯ ಅಂಚು ಹಿಂಡಿಕೊಂಡೆ. ಪುಟ್ಟಮಾದು ಯಾರ ಜೊತೆಗೂ ಮಾತಾಡದೆ ದೋಣಿಯೊಳಗೆ ಕಾಲಿಟ್ಟ. ಹೊಸ ಹಲಗೆಯನ್ನು ಹಿಮ್ಮಡಿಯಿಂದ ಒತ್ತಿ ನೋಡಿದ. ಬಗ್ಗಿ ಬೆರಳ ಗೆಣ್ಣಿನಿಂದ ಹಳೆಯ ಹಲಗೆಗಳನ್ನು ಒಂದೊಂದಾಗಿ ತಟ್ಟಿ, ಕಿವಿಗೊಟ್ಟ. ಚಿಕ್ಕಣ್ಣ ಹುಟ್ಟು ಹಿಡಿದು ನಿಂತಿದ್ದ.

"ನಡೀಲಾ, ಬತ್ತೀನಿ" ಎಂದು ಪುಟ್ಟಮಾದು ಮುಂದಿನ ಅಡ್ಡಪಟ್ಟಿಯ ಮೇಲೆ ಕೂತ.

ಅವನು ಕೂತದ್ದೇ ತಡ, ಸೊಪ್ಪಿನ ಮಂಕರಿಯ ಹೆಂಗಸು ಹತ್ತಿದಳು. ಅವಳ ಹಿಂದೆ ಹುಲ್ಲಿನ ಹೊರೆ, ಹೊರೆಯ ಹಿಂದೆ ಸೈಕಲ್ಲು. ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿದರು. ನಾನು ಸೀರೆ ಸರಿಮಾಡಿಕೊಂಡು ತಿರುಗಿ ನೋಡುವಷ್ಟರಲ್ಲಿ ದೋಣಿ ತುಂಬಿಹೋಗಿತ್ತು.

"ಲೇ, ಮೇಡಮ್ಮೋರ್ಗೆ ಜಾಗ ಬಿಡ್ರಲಾ!" ಎಂದು ಚಿಕ್ಕಣ್ಣ ಕೂಗಿದ. ಯಾರೂ ಅಲುಗಾಡಲಿಲ್ಲ.

"ನೀನು ಹೋಗಪ್ಪಾ, ನಾನು ಮುಂದಿನ ಸಲ ಬರುತ್ತೇನೆ" ಎಂದೆ.

ದೋಣಿ ದಡ ಬಿಟ್ಟಿತು. ನಾನು ಆಚೆ ದಡದ ಕಲ್ಲಿನ ಮೇಲೆ ಒದ್ದೆ ಸೀರೆಯಲ್ಲಿ, ಬಿಸಿಲಲ್ಲಿ ಒಬ್ಬಳೇ ಕೂತೆ. ಇಡೀ ಸರ್ವೀಸಿನಲ್ಲಿ ಎಷ್ಟೋ ದೋಣಿಗಳಿಗೆ ಕಾದಿದ್ದೇನೆ, ಬೈದುಕೊಂಡೇ ಕಾದಿದ್ದೇನೆ. ಅಷ್ಟು ಹಾಯಾಗಿ ಕಾದದ್ದು ಆ ಒಂದು ದೋಣಿಗೆ ಮಾತ್ರ.